ಪ್ರವಾದಿ ಯಾರ ಕುರಿತು ನುಡಿದನು?

ಆಗಮನ ಕಾಲದ ಒಂದು ಸಂಜೆ ಮುಂಡಗೋಡ ತಾಲೂಕಿನ ಸನವಳ್ಳಿಯ ಕಡೆಗೆ, ಒಂದು ಮನೆಯಲ್ಲಿ ಏರ್ಪಡಿಸಿದ್ದ ಪ್ರಾರ್ಥನೆಗೆ ಹೋಗಿದ್ದೆ. ಭತ್ತದ ಕೊಯ್ಲು ಮುಗಿದಿತ್ತು. ಮಕ್ಕಳು ಗೋದಲಿಗೆಂದು ಬಣವೆಯಿಂದ ಹುಲ್ಲು ಹಿರಿಯುತ್ತಿದ್ದರು. ವಾಚನಕ್ಕೆ ಮತ್ತಾಯನ ಶುಭಸಂದೇಶದ ಎರಡನೇ ಅಧ್ಯಾಯವನ್ನು ಆರಿಸಿಕೊಂಡೆವು. ಹೆರೋದನ ಕತ್ತಿಗೆ ಹೆದರಿ ಜೋಸೆಫನು ತಾಯಿ-ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೋದದ್ದು, ಅಲ್ಲಿಂದ ಮರಳಿದ್ದು, ಹೀಗೆ ಪ್ರವಾದಿಯ ಮೂಲಕ ದೇವರು ನುಡಿದದ್ದು ನೆರವೇರಿತೆಂದು ಮತ್ತಾಯನು ಬರೆದದ್ದು ನಿಮಗೆಲ್ಲ ತಿಳಿದೇ ಇದೆ. ನಾನೂ ಎಂದಿನಂತೆ, ಯೇಸು ಹುಟ್ಟುವುದಕ್ಕೆ ಏಳು ನೂರು ವರ್ಷಗಳ ಮುಂಚೆಯೇ ಹೊಶೇಯನು ಇದನ್ನು ಕಂಡು ಹೇಳಿದ್ದನೆಂದು ವಿವರಿಸಿದೆ.

ಪ್ರಾರ್ಥನೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಹುಬ್ಬಳ್ಳಿಯಲ್ಲಿ ಓದುತ್ತಿರುವ ಆ ಮನೆಯ ಹುಡುಗ ನನ್ನ ಬಳಿಗೆ ಬಂದು ಕುಳಿತ. ಕೈಯಲ್ಲಿ ಮೊಬೈಲು, ಅದರಲ್ಲಿ ಹೊಶೇಯನ ಗ್ರಂಥದ ಹನ್ನೊಂದನೇ ಅಧ್ಯಾಯ. “ಫಾದರ್, ಇಲ್ಲಿ ಪ್ರವಾದಿ ಹೇಳ್ತಿರೋದು ಇಸ್ರಯೇಲ್ ಜನರ ಬಗ್ಗೆ. ಅವರು ಈಜಿಪ್ಟಿನಿಂದ ಹೊರಟು ಬಂದ ಹಳೇ ಕಥೆ. ಮುಂದೆ ಹುಟ್ಟೋ ಮಗುವಿನ ಮಾತೇ ಇಲ್ಲ. ಹಂಗಾದ್ರ ಮತ್ತಾಯ ತಪ್ಪು ಬರೆದನಾ? ಇಲ್ಲಾ ನೀವು ನಮಗ ತಪ್ಪು ಕಲಿಸಿದ್ರಾ?” ಎಂದ.

ಅವನ ಮಾತಿನಲ್ಲಿ ಕುಹಕವಿರಲಿಲ್ಲ, ನೋವಿತ್ತು. ತಡವಾಗಿತ್ತು, ನನಗೆ ಹೊರಡುವ ಅವಸರ. “ವಿಶ್ವಾಸವಿಟ್ಟು ಓದು ಮಗನೇ, ಎಲ್ಲವೂ ಅರ್ಥವಾಗುತ್ತದೆ” ಎಂದು ಬೆನ್ನು ತಟ್ಟಿ ಎದ್ದುಬಿಟ್ಟೆ. ದಾರಿಯುದ್ದಕ್ಕೂ ಅವನ ಮುಖವೇ ಕಣ್ಣ ಮುಂದಿತ್ತು. ಗುರುಮಠದಲ್ಲಿ ವರ್ಷಗಟ್ಟಲೆ ಧರ್ಮಗ್ರಂಥವನ್ನು ಓದಿದ ನಾನು ಅವನಿಗೆ ಕೊಟ್ಟದ್ದು ಉತ್ತರವಾಗಿರಲಿಲ್ಲ, ಉತ್ತರದಿಂದ ತಪ್ಪಿಸಿಕೊಂಡದ್ದಾಗಿತ್ತು. ಆ ಸಂಜೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಮಕ್ಕಳೂ ನಾಳೆ ಇದನ್ನೇ ಕೇಳಬಹುದು.

ಮೊದಲು ಕೇಳಿದ ಕಿವಿಗಳು

ಧರ್ಮೋಪದೇಶ ತರಗತಿಗಳಲ್ಲಿ ನಾನು ಬಹುಕಾಲ ಕರಿಹಲಗೆಯ ಮೇಲೆ ಎರಡು ಸಾಲು ಎಳೆಯುತ್ತಿದ್ದೆ. ಎಡಗಡೆ ಪ್ರವಾದನೆ, ಬಲಗಡೆ ನೆರವೇರಿಕೆ. ಮೀಕ ಹೇಳಿದ್ದು ಬೆತ್ಲೆಹೇಮ್, ಆದದ್ದು ಬೆತ್ಲೆಹೇಮ್. ಜೆಕರ್ಯ ಹೇಳಿದ್ದು ಕತ್ತೆಮರಿ, ಬಂದದ್ದು ಕತ್ತೆಮರಿ. ಮಕ್ಕಳಿಗೆ ನೆನಪಿಡುವುದು ಸುಲಭವಾಗುತ್ತಿತ್ತು. ಆದರೆ ಹೀಗೆ ಕಲಿಸುವಾಗ ಪ್ರವಾದಿಯನ್ನು ನಾನೇ ಪಂಚಾಂಗ ನೋಡಿ ಭವಿಷ್ಯ ಹೇಳುವವನನ್ನಾಗಿ ಮಾಡಿಬಿಟ್ಟಿದ್ದೆ.

ಪ್ರವಾದಿ ಎಂದರೆ ಭವಿಷ್ಯಗಾರನಲ್ಲ, ದೇವರ ಪರವಾಗಿ ತನ್ನ ಜನರೊಡನೆ ಮಾತನಾಡುವವನು. ಕ್ರಿ.ಪೂ. 8ನೇ ಶತಮಾನದಲ್ಲಿ ಹೊಶೇಯನು ಉತ್ತರದ ಇಸ್ರಯೇಲ್ ರಾಜ್ಯದಲ್ಲಿದ್ದನು. ಜನರು ಬಾಳ್ ದೇವತೆಯ ಬೆನ್ನು ಹತ್ತಿದ್ದರು. ದೇವರು ಎಂತಹ ತಂದೆಯೆಂಬುದನ್ನು ಅವರಿಗೆ ನೆನಪಿಸಬೇಕಾಗಿತ್ತು. ಇಸ್ರಯೇಲನ್ನು ಮಗುವೆಂದು ಪ್ರೀತಿಸಿ, ಈಜಿಪ್ಟಿನ ದಾಸ್ಯದಿಂದ ಕರೆದು, ಕೈಹಿಡಿದು ನಡೆಯಲು ಕಲಿಸಿದವನು ದೇವರೇ ಎಂದು ಅವನು ಹೇಳಿದನು. ಅದು ಹಿಂದೆ ನಡೆದುದರ ನೆನಪು. ಸನವಳ್ಳಿಯ ಹುಡುಗ ಓದಿದ್ದು ಸರಿಯಾಗಿಯೇ ಇತ್ತು.

ಯೆಶಾಯನ ಇಮ್ಮಾನುವೇಲನ ಮಾತಿಗೂ ಇಂಥದೇ ಒಂದು ನೆಲವಿದೆ. ಕ್ರಿ.ಪೂ. 735ರ ಸುಮಾರಿಗೆ ಸಿರಿಯ ಮತ್ತು ಉತ್ತರದ ಇಸ್ರಯೇಲ್ ಎರಡೂ ಸೇರಿ ಜೆರುಸಲೇಮಿನ ಮೇಲೆ ಏರಿ ಬಂದವು. ಅರಸ ಆಹಾಜನ ಎದೆ ಗಾಳಿಗೆ ಸಿಕ್ಕ ಮರದಂತೆ ನಡುಗಿತು. ಅಸ್ಸೀರಿಯದ ಅರಸನ ಕಾಲು ಹಿಡಿಯಲು ಅವನು ಸಿದ್ಧನಾಗಿದ್ದನು. ಆಗ ಯೆಶಾಯನು ಅವನಿಗೆ ಒಂದು ಗುರುತನ್ನು ಕೊಟ್ಟನು: ಒಬ್ಬ ತರುಣಿ ಮಗುವನ್ನು ಹೆರುವಳು, ಆ ಮಗು ಒಳಿತು-ಕೆಡುಕನ್ನು ಅರಿಯುವ ಮೊದಲೇ ನೀನು ಹೆದರುವ ಆ ಇಬ್ಬರು ಅರಸರ ನಾಡು ಪಾಳು ಬೀಳುವುದು. ಆಹಾಜನಿಗೆ ಬೇಕಾಗಿದ್ದುದು ಏಳು ಶತಮಾನಗಳ ಮೇಲಿನ ಸುದ್ದಿಯಲ್ಲ, ಆ ವರ್ಷದ ಧೈರ್ಯ. ಪ್ರವಾದಿ ಅದನ್ನೇ ಕೊಟ್ಟನು.

ಹಾಗಾದರೆ ಈ ಮಾತುಗಳು ಅಂದೇ ಮುಗಿದುಹೋಗಲಿಲ್ಲವೇಕೆ? ದೇವರ ಮಾತೆಂದು ನಂಬಿದ ಜನ ಅವನ್ನು ಎಸೆಯಲಿಲ್ಲ. ಕ್ರಿ.ಪೂ. 587ರ ಸುಮಾರಿಗೆ ಜೆರುಸಲೇಮ್ ಬಿದ್ದು, ದೇವಾಲಯ ಸುಟ್ಟು, ಜನ ಬಾಬಿಲೋನಿಗೆ ಸೆರೆಯಾಗಿ ಹೋದರು. ನಾಡು ಹೋದಾಗ ಅವರ ಕೈಯಲ್ಲಿ ಉಳಿದದ್ದು ವಾಕ್ಯ ಮಾತ್ರ. ಇದನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. 1966ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟನ್ ಬಂಧುಗಳನ್ನು ನೋಡಿರಿ. ತಾಯ್ನಾಡು ಬಿಟ್ಟು ಬಂದ ಅವರು ಇಲ್ಲಿ ಗಾದೆನ್, ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿ, ತಮ್ಮ ಶಾಸ್ತ್ರಗಳನ್ನು ಕಂಠಪಾಠ ಮಾಡುತ್ತಾರೆ, ಅಂಗಳದಲ್ಲಿ ಕೈತಟ್ಟಿ ವಾದ ಮಾಡುತ್ತಾರೆ. ನೆಲ ಕಳೆದುಕೊಂಡವರಿಗೆ ಗ್ರಂಥವೇ ನೆಲವಾಗುತ್ತದೆ. ಸೆರೆಯಲ್ಲಿದ್ದ ಇಸ್ರಯೇಲರಿಗೂ ಹಾಗೆಯೇ ಆಯಿತು. ಹಳೆಯ ವಾಗ್ದಾನಗಳನ್ನು ಅವರು ಮತ್ತೆ ಮತ್ತೆ ಓದಿದರು. ದಾವೀದನ ವಂಶದಲ್ಲಿ ಬಂದ ಒಬ್ಬೊಬ್ಬ ಅರಸನೂ ಆಸೆಯನ್ನು ಪೂರೈಸದೆ ಹೋದಾಗ, ಆ ಮಾತುಗಳಲ್ಲಿ ಇನ್ನೂ ಏನೋ ಉಳಿದಿದೆಯೆಂದು ಕಾದರು. ಈ ಕಾಯುವಿಕೆಯನ್ನೇ ನಾವು ಆಗಮನ ಕಾಲದ ನಾಲ್ಕು ವಾರಗಳಲ್ಲಿ ಕಲಿಯುತ್ತೇವೆ.

‘ಕನ್ಯೆ’ ಎಂಬ ಒಂದು ಮಾತು

ಕ್ರಿ.ಪೂ. 3ನೇ ಶತಮಾನದಿಂದ ಈಜಿಪ್ಟಿನ ಅಲೆಕ್ಸಾಂದ್ರಿಯದ ಯೆಹೂದ್ಯರು ತಮ್ಮ ಧರ್ಮಗ್ರಂಥಗಳನ್ನು ಗ್ರೀಕ್ ಭಾಷೆಗೆ ತರತೊಡಗಿದರು. ಎಪ್ಪತ್ತು ಮಂದಿಯ ಅನುವಾದವೆಂದು ಇದು ಹೆಸರಾಯಿತು. ಯೆಶಾಯನ ಮಾತಿನಲ್ಲಿ ಹೀಬ್ರೂ ಮೂಲದಲ್ಲಿರುವ ಪದ ‘ಅಲ್ಮಾ’. ಪ್ರಾಯಕ್ಕೆ ಬಂದ ತರುಣಿ ಎಂದು ಅರ್ಥ. ಗ್ರೀಕ್ ಅನುವಾದಕರು ಅಲ್ಲಿ ‘ಪಾರ್ಥೆನೋಸ್’ ಎಂಬ ಪದವನ್ನಿಟ್ಟರು. ಸಾಮಾನ್ಯವಾಗಿ ಪುರುಷ ಸಂಪರ್ಕವಿಲ್ಲದ ಕನ್ನಿಕೆ ಎಂದು ಅರ್ಥ. ಮತ್ತಾಯನು ಓದಿದ್ದು ಈ ಗ್ರೀಕ್ ಪಾಠವನ್ನು. ಅದನ್ನು ಅನುವಾದಿಸಿದವರು ಕ್ರೈಸ್ತರಲ್ಲ. ಕ್ರಿಸ್ತ ಹುಟ್ಟುವುದಕ್ಕೆ ಮುಂಚಿನ ಯೆಹೂದ್ಯರು.

ಕನ್ನಡಿಗರಿಗೆ ಈ ಸೂಕ್ಷ್ಮ ಬೇಗ ತಿಳಿಯುತ್ತದೆ. ನಮ್ಮ ಊರುಗಳಲ್ಲಿ ಕನ್ಯೆ ನೋಡಲು ಹೋಗುತ್ತೇವೆ, ಕನ್ಯೆ ಗೊತ್ತಾಯಿತು ಎನ್ನುತ್ತೇವೆ. ಅಲ್ಲಿ ಕನ್ಯೆ ಎಂದರೆ ಮದುವೆಗೆ ಬಂದ ಹೆಣ್ಣು. ಕನ್ಯಾಮರಿಯಮ್ಮ ಎನ್ನುವಾಗ ಅದೇ ಪದ ಮತ್ತೊಂದು ಆಳಕ್ಕೆ ಇಳಿಯುತ್ತದೆ. ಒಂದೇ ಪದ ಎರಡು ಅಂಗಳಗಳಲ್ಲಿ ಓಡಾಡುತ್ತದೆ. ಮೊದಲನೆಯದು ಸುಳ್ಳಲ್ಲ, ಎರಡನೆಯದು ಮೋಸವಲ್ಲ.

ಈ ಪದದ ಸುತ್ತ ನಡೆದ ವಾದವೂ ಬಹಳ ಹಳೆಯದು. ಕ್ರಿ.ಶ. 160ರ ಸುಮಾರಿಗೆ ರಕ್ತಸಾಕ್ಷಿ ಸಂತ ಜಸ್ಟಿನನು ಟ್ರೈಫೋ ಎಂಬ ಯೆಹೂದ್ಯನೊಡನೆ ಸಂವಾದದ ರೂಪದಲ್ಲಿ ಒಂದು ಗ್ರಂಥವನ್ನು ಬರೆದನು. ಅದರಲ್ಲಿ ಟ್ರೈಫೋ, ಯೆಶಾಯನು ತರುಣಿ ಎಂದಿದ್ದಾನೆ, ಹುಟ್ಟಿದ ಮಗು ಆಹಾಜನ ಮಗ ಹಿಜ್ಕೀಯ ಎಂದು ವಾದಿಸುತ್ತಾನೆ. ಮೊಬೈಲಿನಲ್ಲಿ ಇಂದು ಹೊಸದೆಂಬಂತೆ ಕಾಣುವ ಪ್ರಶ್ನೆಗೆ ಸಾವಿರದ ಎಂಟುನೂರಕ್ಕೂ ಹೆಚ್ಚು ವರ್ಷಗಳಾಗಿವೆ. ಧರ್ಮಸಭೆ ಅದನ್ನು ಕೇಳಿಸಿಕೊಂಡೇ ಬೆಳೆದಿದೆ. 4ನೇ ಶತಮಾನದ ಕೊನೆಯಲ್ಲಿ ಸಂತ ಜೆರೋಮನು ಬೆತ್ಲೆಹೇಮಿನಲ್ಲಿ ಕುಳಿತು, ಯೆಹೂದ್ಯ ಗುರುಗಳಿಂದ ಹೀಬ್ರೂ ಕಲಿತು, ಮೂಲದಿಂದಲೇ ಹಳೆಯ ಒಡಂಬಡಿಕೆಯನ್ನು ಲತೀನಿಗೆ ತಂದನು. ಸತ್ಯಕ್ಕೆ ಹೆದರುವವನು ಮೂಲವನ್ನು ಹುಡುಕಿಕೊಂಡು ಹೋಗುವುದಿಲ್ಲ.

ಬೆಳಕು ಹಿಂದಕ್ಕೆ ಬಿದ್ದಾಗ

ಪ್ರೇಷಿತರು ಹಳೆಯ ಗ್ರಂಥಗಳ ಪಟ್ಟಿ ಹಿಡಿದು ಮೆಸ್ಸೀಯನನ್ನು ಹುಡುಕುತ್ತಾ ಹೋದವರಲ್ಲ. ಅವರ ಅನುಭವ ಅದಕ್ಕೆ ತದ್ವಿರುದ್ಧ. ಅವರ ಗುರು ಶಿಲುಬೆಯ ಮೇಲೆ ಸತ್ತನು. ಮೆಸ್ಸೀಯನು ಹೀಗೆ ಸಾಯಬೇಕೆಂದು ಅವರಲ್ಲಿ ಯಾರೂ ಎಣಿಸಿರಲಿಲ್ಲ. ಎಮ್ಮಾವುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ನಡೆಯುತ್ತಿದ್ದಾಗ ಪುನರುತ್ಥಾನಗೊಂಡ ಪ್ರಭುವೇ ಜೊತೆಯಾಗಿ, ಮೋಶೆಯಿಂದ ಮೊದಲುಗೊಂಡು ಎಲ್ಲ ಪ್ರವಾದಿಗಳ ಬರಹಗಳನ್ನು ಅವರಿಗೆ ಬಿಡಿಸಿ ಹೇಳಿದನೆಂದು ಲೂಕನು ಬರೆಯುತ್ತಾನೆ. ಮೊದಲು ಪುನರುತ್ಥಾನ, ಆಮೇಲೆ ಗ್ರಂಥದ ಅರ್ಥ. ದೀಪ ಮುಂದಿನಿಂದ ಹಚ್ಚಿತು. ಬೆಳಕು ಹಿಂದಿನ ಕೋಣೆಗಳಿಗೂ ಬಿತ್ತು.

ಈಗ ಮತ್ತಾಯನ ಬಳಿಗೆ ಮರಳೋಣ. ಹೊಶೇಯನು ಇಸ್ರಯೇಲಿನ ಕುರಿತು ನುಡಿದನೆಂಬುದು ಅವನಿಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಯೆಹೂದ್ಯರ ಗ್ರಂಥಗಳಲ್ಲಿ ಮಿಂದೆದ್ದವನು ಅವನು. ಅವನ ಮೊದಲ ಓದುಗರೂ ಅಂಥವರೇ. ಎಲ್ಲರಿಗೂ ತಿಳಿದಿದ್ದ ಅರ್ಥದ ಮೇಲೆಯೇ ಅವನು ತನ್ನ ಮಾತನ್ನು ನಿಲ್ಲಿಸಿದನು. ಇಸ್ರಯೇಲ್ ಈಜಿಪ್ಟಿಗೆ ಹೋಯಿತು, ಯೇಸುವೂ ಹೋದನು. ಇಸ್ರಯೇಲ್ ನೀರನ್ನು ದಾಟಿತು, ಯೇಸು ಯೋರ್ದಾನಿನಲ್ಲಿ ಇಳಿದನು. ಇಸ್ರಯೇಲ್ 40 ವರ್ಷ ಅಡವಿಯಲ್ಲಿ ಅಲೆದು ಸೋತಿತು. ಯೇಸು 40 ದಿನ ಅಲ್ಲಿದ್ದು, ಧರ್ಮೋಪದೇಶಕಾಂಡದ ಮಾತುಗಳಿಂದಲೇ ಮೂರು ಸಲ ಸೈತಾನನಿಗೆ ಉತ್ತರಕೊಟ್ಟು ಗೆದ್ದನು. ತನ್ನ ಜನರ ಇಡೀ ಕಥೆಯನ್ನು ಯೇಸು ತನ್ನ ಮೈಯಲ್ಲಿ ಮತ್ತೆ ಬಾಳಿದನು, ಅವರು ಮುಗ್ಗರಿಸಿದಲ್ಲಿ ತಾನು ನಿಂತನು. ಮತ್ತಾಯನು ಹೇಳಬಯಸಿದ್ದು ಇದನ್ನು.

‘ನೆರವೇರಿತು’ ಎಂದು ನಾವು ಓದುವಲ್ಲಿ ಗ್ರೀಕ್ ಮೂಲದ ಕ್ರಿಯಾಪದದ ಮೊದಲ ಅರ್ಥ ‘ತುಂಬು’ ಎಂಬುದು. ಸನವಳ್ಳಿಯ ಜಲಾಶಯವನ್ನು ನೆನಪಿಸಿಕೊಳ್ಳಿ. ಮಳೆ ಮೊದಲು ಮೇಲಿನ ನೆಲದ ಮೇಲೆ ಬೀಳುತ್ತದೆ. ಅಲ್ಲಿನ ಹುಲ್ಲು, ಗಿಡಮರಗಳು ಅದನ್ನು ಕುಡಿದು ಹಸಿರಾಗುತ್ತವೆ. ಆ ಮಳೆ ಅವುಗಳದ್ದೇ. ಆದರೂ ಅದು ಅಲ್ಲಿಗೇ ನಿಲ್ಲದೆ ಇಳಿದು ಬಂದು ಕೆಳಗೆ ಜಲಾಶಯವನ್ನು ತುಂಬುತ್ತದೆ. ಕೆಳಗಿನ ನೀರನ್ನು ಕುಡಿಯುವವರು, ಮೇಲಿನ ಹುಲ್ಲಿಗೆ ಮಳೆ ಬಿದ್ದೇ ಇಲ್ಲವೆನ್ನಬಾರದು. ಹುಲ್ಲಿಗೆ ಬಿದ್ದ ಮಳೆಗೂ ಜಲಾಶಯಕ್ಕೂ ಸಂಬಂಧವಿಲ್ಲವೆನ್ನುವುದೂ ಸರಿಯಲ್ಲ.

ಒಡಂಬಡಿಕೆಗಳೆರಡು, ಗ್ರಂಥವೊಂದೇ

ಸುಲಭದ ದಾರಿ ಹಿಡಿದವನೊಬ್ಬನಿದ್ದನು. ಮರ್ಸಿಯೋನ್ ಎಂಬವನು, ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ, ಆದ್ದರಿಂದ ಹಳೆಯದನ್ನು ಬಿಟ್ಟುಬಿಡೋಣ ಎಂದನು. ಕ್ರಿ.ಶ. 144ರಲ್ಲಿ ರೋಮಿನ ಧರ್ಮಸಭೆ ಅವನನ್ನು ಹೊರಗಿಟ್ಟಿತು. ಆ ದಿನ ಧರ್ಮಸಭೆ ಅವನ ಮಾತಿಗೆ ತಲೆಯಾಡಿಸಿದ್ದರೆ ಇಂದು ನಮಗೆ ಕೀರ್ತನೆಗಳಿರುತ್ತಿರಲಿಲ್ಲ, ಆಗಮನ ಕಾಲದಲ್ಲಿ ಯೆಶಾಯನ ವಾಚನವಿರುತ್ತಿರಲಿಲ್ಲ.

ಇನ್ನು ಕೆಲವರು, ಯೇಸುವಿನ ಬಾಳಿಗೆ ಹೊಂದುವಂತೆ ಕ್ರೈಸ್ತರೇ ಪ್ರವಾದನೆಗಳನ್ನು ತಿದ್ದಿರಬಹುದೆಂದು ಶಂಕಿಸುತ್ತಿದ್ದರು. 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನಿನ ಗವಿಯೊಂದರಲ್ಲಿ ಸುರುಳಿಗಳು ದೊರೆತವು. ಅವುಗಳಲ್ಲಿ ಒಂದು ಯೆಶಾಯನ ಗ್ರಂಥ. ಉದ್ದ ಸುಮಾರು 7.34 ಮೀಟರ್, 66 ಅಧ್ಯಾಯಗಳೂ ಬಹುಮಟ್ಟಿಗೆ ಇಡಿಯಾಗಿ ಉಳಿದಿವೆ. ಅದು ಬರೆಯಲ್ಪಟ್ಟದ್ದು ಯೇಸು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಮುಂಚೆ. ನಮ್ಮ ಅಪರಾಧಗಳಿಗಾಗಿ ಗಾಯಗೊಂಡ ಸೇವಕನನ್ನು ಕುರಿತ 53ನೇ ಅಧ್ಯಾಯ ಅದರಲ್ಲೂ ಇದೆ. ಅಕ್ಷರಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ನಾವು ಇಂದು ಓದುವ ಗ್ರಂಥ ಅದೇ.

ರಾಶೋಲಿನ ಪುರಾಣ

ಈ ಎರಡು ಒಡಂಬಡಿಕೆಗಳನ್ನು ಒಂದೇ ಕಥೆಯಾಗಿ ನಮ್ಮ ಕಡೆಯ ಜನರಿಗೆ ಹೇಳಿದವರೊಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಇಂಗ್ಲೆಂಡಿನಲ್ಲಿ 1549ರಲ್ಲಿ ಹುಟ್ಟಿದ ಯೇಸುಸಭೆಯ ಫಾದರ್ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದರು. ಸಾಸಷ್ಟಿಯ ಹಳ್ಳಿಗಳಲ್ಲಿ ದುಡಿದು ಕೊಂಕಣಿ, ಮರಾಠಿಗಳನ್ನು ಕಲಿತರು. ಹೊಸದಾಗಿ ಕ್ರೈಸ್ತರಾದವರು ತಮ್ಮ ಹಳೆಯ ಪುರಾಣಗಳನ್ನು ಬಿಟ್ಟಿದ್ದರು. ಆ ಜಾಗದಲ್ಲಿ ಓದಿ ಹಾಡಲು ಅವರಿಗೆ ಏನೂ ಇರಲಿಲ್ಲ. ಆ ಕೊರತೆಯನ್ನು ಕಂಡು ಅವರು ಮರಾಠಿಯ ಓವಿ ಛಂದಸ್ಸಿನಲ್ಲಿ ಬರೆದ ಕಾವ್ಯವೇ ಕ್ರಿಸ್ತಪುರಾಣ. 1616ರಲ್ಲಿ ಅದು ರಾಶೋಲಿನಲ್ಲಿ ಅಚ್ಚಾಯಿತು. ಒಟ್ಟು ಸುಮಾರು 11,000 ಓವಿಗಳು.

ಅದರ ರಚನೆಯನ್ನು ಗಮನಿಸಿರಿ. ಮೊದಲ ಪುರಾಣವು ಸೃಷ್ಟಿಯಿಂದ ಹಿಡಿದು ಹಳೆಯ ಒಡಂಬಡಿಕೆಯ ಕಥೆ, ಎರಡನೆಯದು ಪ್ರಭು ಯೇಸುವಿನ ಕಥೆ. ಮೊದಲನೆಯದರಲ್ಲಿ ಕಾಯುವಿಕೆ, ಎರಡನೆಯದರಲ್ಲಿ ಬರುವಿಕೆ. ಸ್ಟೀಫನ್ಸರು ಪ್ರವಾದನೆಗಳ ಪಟ್ಟಿಯನ್ನು ಮಾಡಿಕೊಡಲಿಲ್ಲ, ದೀರ್ಘವಾದ ಕಥೆಯನ್ನೇ ಹೇಳಿದರು. ಕಥೆಯ ಮೊದಲ ಭಾಗವನ್ನು ಕೇಳದವನಿಗೆ ಎರಡನೆಯದರ ರುಚಿ ಹತ್ತುವುದಿಲ್ಲವೆಂದು ಅವರು ಬಲ್ಲರು. ಗೋವೆಯಿಂದ ಕೆನರಾ ಪ್ರಾಂತ್ಯಕ್ಕೆ ವಲಸೆ ಬಂದ ಕುಟುಂಬಗಳು ಈ ಕಾವ್ಯವನ್ನೂ ಹೊತ್ತು ತಂದವು. ಹಳೆಯ ಮುದ್ರಣಗಳೆಲ್ಲ ಕಣ್ಮರೆಯಾದ ಮೇಲೆ, ಉಳಿದ ಹಸ್ತಪ್ರತಿಗಳನ್ನು ಹೋಲಿಸಿ ಜೋಸೆಫ್ ಸಲ್ಡಾನ್ಹಾ ಅವರು 1907ರಲ್ಲಿ ಮಂಗಳೂರಿನಿಂದ ಅದನ್ನು ಮತ್ತೆ ಹೊರತಂದರು.

ನಾವು ಮರೆಯಬಾರದ ಗಾಯ

ಅದೇ ಗೋವೆಯ ಮತ್ತೊಂದು ಮುಖವನ್ನೂ ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಆರಂಭವಾಯಿತು. ಅದು ಕೊನೆಯಾಗಿ ಮುಚ್ಚಿದ್ದು 1812ರಲ್ಲಿ. ಅದರ ಕಣ್ಣು ಮೊದಲು ಬಿದ್ದವರಲ್ಲಿ, ಪೋರ್ಚುಗಲಿನಿಂದ ಬಂದಿದ್ದ ಯೆಹೂದ್ಯ ಮೂಲದ ಕ್ರೈಸ್ತರೂ ಇದ್ದರು. ಭಾರತದ ಗಿಡಮೂಲಿಕೆ, ಔಷಧಿಗಳ ಕುರಿತು 1563ರಲ್ಲಿ ಗೋವೆಯಲ್ಲಿ ಹೆಸರಾಂತ ಗ್ರಂಥವನ್ನು ಪ್ರಕಟಿಸಿದ ವೈದ್ಯ ಗಾರ್ಸಿಯ ದ ಓರ್ತ 1568ರಲ್ಲಿ ತೀರಿಕೊಂಡನು. ಅವನು ಗುಟ್ಟಾಗಿ ಯೆಹೂದ್ಯ ಧರ್ಮವನ್ನು ಪಾಲಿಸಿದ್ದನೆಂದು ತೀರ್ಪಿತ್ತು, 1580ರಲ್ಲಿ ಅವನ ಎಲುಬುಗಳನ್ನು ಸಮಾಧಿಯಿಂದ ತೆಗೆದು ಸುಟ್ಟರು.

ಇದಕ್ಕೂ ಪ್ರವಾದನೆಗೂ ಏನು ಸಂಬಂಧವೆಂದು ಕೇಳುವಿರಾ? ಸಂಬಂಧವಿದೆ. ನಮ್ಮ ಎರಡು ಸಾಲುಗಳ ಪಟ್ಟಿ ಅಷ್ಟೊಂದು ನಿಚ್ಚಳವಾಗಿದ್ದರೆ, ಅದನ್ನು ಒಪ್ಪದ ಯೆಹೂದ್ಯನು ಒಂದೋ ಕುರುಡ, ಇಲ್ಲವೇ ಹಟಮಾರಿ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಶತಮಾನಗಳ ಕಾಲ ಕ್ರೈಸ್ತರು ಹಾಗೆಯೇ ಹೇಳಿದರು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಕುರಿತಿದ್ದ ಅಪಮಾನದ ವಿಶೇಷಣವನ್ನು ಜಗದ್ಗುರು ಇಪ್ಪತ್ತಮೂರನೇ ಜಾನ್ ಅವರು ತೆಗೆಸಿದ್ದು 1959ರಲ್ಲಿ. ಅಷ್ಟರಲ್ಲಿ ಯುರೋಪಿನಲ್ಲಿ ಅರವತ್ತು ಲಕ್ಷ ಯೆಹೂದ್ಯರ ಹತ್ಯೆ ನಡೆದುಹೋಗಿತ್ತು. ಆ ಹತ್ಯೆ ನಾಜಿಗಳ ಕೃತ್ಯ. ಆದರೆ ನಮ್ಮ ತಾತ್ಸಾರದ ಬೋಧನೆ ಎಷ್ಟೋ ಮನಸ್ಸುಗಳನ್ನು ಮರಗಟ್ಟಿಸಿತ್ತೆಂಬುದನ್ನು ಅಲ್ಲಗಳೆಯಲಾಗದು.

ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದೆಂದು ಸಾರಿತು. ಅದೇ ವರ್ಷದ ನವೆಂಬರ್ 18ರ ದೈವ ಪ್ರಕಟಣೆಯ ಕುರಿತ ಸಂವಿಧಾನವು, ಸಂತ ಅಗಸ್ಟೀನನ ವಿಚಾರವನ್ನು ಅನುಸರಿಸಿ, ಹೊಸದು ಹಳೆಯದರಲ್ಲಿ ಅಡಗಿದೆ, ಹಳೆಯದು ಹೊಸದರಲ್ಲಿ ಬೆಳಗುತ್ತದೆ ಎಂದು ಕಲಿಸಿತು. 2001ರಲ್ಲಿ ಜಗದ್ಗುರುಗಳ ಬೈಬಲ್ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರವಾದನೆಗಳನ್ನು ಮುಂದಾಗುವುದರ ಛಾಯಾಚಿತ್ರಗಳೆಂದು ಎಣಿಸಬಾರದು. ತಮ್ಮ ಗ್ರಂಥಗಳನ್ನು ಯೆಹೂದ್ಯರು ಓದುವ ಬಗೆಯೂ ಸಾಧ್ಯವಾದ ಒಂದು ಓದು. ಕ್ರೈಸ್ತರು ಕ್ರಿಸ್ತನ ಬೆಳಕಿನಲ್ಲಿ ನೋಡಿದಾಗ ಆ ಪಠ್ಯಗಳಲ್ಲಿ ಹೆಚ್ಚಿನ ಅರ್ಥವನ್ನು ಕಾಣುತ್ತಾರೆ ಎಂದು ಅದು ವಿವರಿಸಿತು. ಆ ದಾಖಲೆಗೆ ಮುನ್ನುಡಿ ಬರೆದವರು ಮುಂದೆ ಜಗದ್ಗುರು ಹದಿನಾರನೇ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್. ಇದು ವಿಶ್ವಾಸದ ಸಡಿಲಿಕೆಯಲ್ಲ, ವಿಶ್ವಾಸದ ಪ್ರಾಮಾಣಿಕತೆ.

ರಥದಲ್ಲಿ ಕುಳಿತ ಓದುಗ

ಕೊನೆಯದಾಗಿ ಒಬ್ಬ ಓದುಗನನ್ನು ನಿಮ್ಮ ಮುಂದೆ ತರುತ್ತೇನೆ. ಪ್ರೇಷಿತರ ಕಾರ್ಯಕಲಾಪಗಳ ಎಂಟನೇ ಅಧ್ಯಾಯದಲ್ಲಿ ಅವನು ಬರುತ್ತಾನೆ. ಆಫ್ರಿಕದವನು, ಇಥಿಯೋಪಿಯದ ರಾಣಿಯ ಭಂಡಾರದ ಅಧಿಕಾರಿ. ಜೆರುಸಲೇಮಿನಲ್ಲಿ ಆರಾಧನೆ ಮುಗಿಸಿ ರಥದಲ್ಲಿ ಹಿಂದಿರುಗುತ್ತಾ, ಕೊಲೆಗೆ ಒಯ್ಯಲ್ಪಡುವ ಕುರಿಯಂತೆ ಬಾಯಿ ತೆರೆಯದ ಸೇವಕನನ್ನು ಕುರಿತ ಯೆಶಾಯನ ಭಾಗವನ್ನು ಓದುತ್ತಿದ್ದನು. ಫಿಲಿಪ್ಪನು ಬಳಿಗೆ ಬಂದಾಗ, ಪ್ರವಾದಿ ಇದನ್ನು ಹೇಳುತ್ತಿರುವುದು ತನ್ನ ಕುರಿತೋ ಬೇರೊಬ್ಬನ ಕುರಿತೋ ಎಂದು ಕೇಳಿದನು. ಸನವಳ್ಳಿಯ ಹುಡುಗ ಕೇಳಿದ್ದೂ ಇದನ್ನೇ.

ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಂಚಿನ ಸಿದ್ದಿ ಬಂಧುಗಳ ನಡುವೆ ಈ ಭಾಗವನ್ನು ಓದುವಾಗಲೆಲ್ಲ ನನ್ನ ದನಿ ತಗ್ಗುತ್ತದೆ. ಅವರ ಹಿರಿಯರನ್ನು ಆಫ್ರಿಕದಿಂದ ಗುಲಾಮರನ್ನಾಗಿ ಹಡಗುಗಳಲ್ಲಿ ತಂದರು. ಗೋವೆಯ ಯಜಮಾನರಿಂದ ತಪ್ಪಿಸಿಕೊಂಡವರು ಈ ಕಾಡುಗಳಲ್ಲಿ ಆಸರೆ ಕಂಡರು. ಉತ್ತರ ಕನ್ನಡದ ಸಿದ್ದಿಗಳನ್ನು ಸರ್ಕಾರ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಬಾಯಿ ತೆರೆಯಲಾಗದೆ ಒಯ್ಯಲ್ಪಟ್ಟ ಕುರಿಯ ಮಾತು ಅವರಿಗೆ ಬರಿಯ ಪಾಠವಲ್ಲ, ಮನೆತನದ ನೆನಪು. ಹಾಗೆ ಒಯ್ಯಲ್ಪಟ್ಟವರ ಸಾಲಿನಲ್ಲಿ ದೇವಪುತ್ರನೇ ಬಂದು ನಿಂತನೆಂಬುದೇ ಆ ಪ್ರವಾದನೆಯ ತುಂಬುವಿಕೆ.

ಆ ಆಫ್ರಿಕದ ಅಧಿಕಾರಿಗೆ ಫಿಲಿಪ್ಪನು, ವಿಶ್ವಾಸವಿಟ್ಟು ಓದು, ಅರ್ಥವಾಗುತ್ತದೆ ಎಂದು ಹೇಳಿ ಹೊರಟುಹೋಗಲಿಲ್ಲ. ರಥ ಹತ್ತಿ ಅವನ ಪಕ್ಕದಲ್ಲಿ ಕುಳಿತನು. ಅವನು ಓದುತ್ತಿದ್ದ ಆ ಸಾಲಿನಿಂದಲೇ ಆರಂಭಿಸಿದನು.

ಕ್ರಿಸ್ಮಸ್ಸಿಗೆ ಮುಂಚೆ ನಾನು ಮತ್ತೊಮ್ಮೆ ಸನವಳ್ಳಿಗೆ ಹೋದೆ. ಜಗಲಿಯ ಮೇಲೆ ಆ ಹುಡುಗನ ಪಕ್ಕದಲ್ಲಿ ಕುಳಿತು, ನೀನು ಓದಿದ್ದು ಸರಿ ಎಂಬಲ್ಲಿಂದ ಆರಂಭಿಸಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇದನ್ನ ಮೊದಲೇ ಯಾಕ ಹೇಳಲಿಲ್ಲ ಫಾದರ್?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. “ತಪ್ಪಾಯಿತು, ತಮ್ಮಾ” ಎಂದೆ.

ಪ್ರಿಯ ಓದುಗರೇ, ಈ ಆಗಮನ ಕಾಲದಲ್ಲಿ ಗೋದಲಿ ಕಟ್ಟುವ ಮೊದಲು ಮನೆಮಂದಿಯೆಲ್ಲ ಕುಳಿತು ಹೊಶೇಯನ ಹನ್ನೊಂದನೇ ಅಧ್ಯಾಯವನ್ನು ಇಡಿಯಾಗಿ ಓದಿರಿ. ಮೊದಲು ಅದು ಇಸ್ರಯೇಲಿಗೆ ಏನು ಹೇಳಿತೆಂದು ಕೇಳಿರಿ. ಆಮೇಲೆ ಹುಲ್ಲಿನ ಮೇಲೆ ಮಲಗಿದ ಆ ಮಗುವನ್ನು ನೋಡಿರಿ. ಮಕ್ಕಳು ಪ್ರಶ್ನೆ ಕೇಳಿದರೆ ಗದರಿಸಬೇಡಿ, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.